ನೋವು ಹೋಗಿತ್ತು, ಬಲ ಬಂದಿರಲಿಲ್ಲ

ಆಷಾಢದ ಮೊದಲ ಶುಕ್ರವಾರ ಕಳೆದು ಮೂರನೆಯ ದಿನ, ಸೋಮವಾರ ಸಂಜೆ. ಮೈಸೂರಿನ ನನ್ನ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರಬೇಕಾದರೆ ರಸ್ತೆಯಿಂದ ಮೂರು ಮೆಟ್ಟಿಲು ಕೆಳಗಿಳಿಯಬೇಕು. ಆ ಸಂಜೆ ಬಂದ ರೋಗಿ ಗೋಡೆ ಹಿಡಿದು, ಬೆನ್ನನ್ನು ಬಾಗಿಲ ಕಡೆ ತಿರುಗಿಸಿ, ತೆಂಗಿನಮರ ಇಳಿಯುವವರ ಹಾಗೆ ಒಂದೊಂದೇ ಕಾಲು ಕೆಳಗೆ ಬಿಡುತ್ತ ಹಿಮ್ಮುಖವಾಗಿ ಇಳಿದು ಬಂದರು. ಅವರು ಬಾಯಿ ಬಿಡುವ ಮೊದಲೇ ಕಾಯಿಲೆ ಏನೆಂದು ಅರ್ಧ ಗೊತ್ತಾಗಿಹೋಗಿತ್ತು. ಸಮತಟ್ಟಿನಲ್ಲಿ ಹೇಗೋ ನಡೆದು, ಇಳಿಯುವಾಗ ಮಾತ್ರ ಹೀಗೆ ಒದ್ದಾಡುವವರು ಎರಡು ಮೂರು ದಿನದ ಹಿಂದೆ ಎಲ್ಲೋ ಮಿತಿಮೀರಿ ಇಳಿದಿರುತ್ತಾರೆ.

“ಬೆಟ್ಟಾನಾ?” ಅಂದೆ.

“ಬೆಟ್ಟಾನೇ ಮೇಡಂ,” ಅಂದರು. ಹಿಂದೆ ನಿಂತಿದ್ದ ಅವರ ಮನೆಯವರು ಸೇರಿಸಿದರು: “ಒಂದು ಸಲ ಅಲ್ಲ, ಎರಡು ಸಲ. ಕೇಳಿ ಅವರನ್ನ.”

ವಯಸ್ಸು 46, ತೂಕ 84 ಕಿಲೋ, ಸರ್ಕಾರಿ ಕಚೇರಿಯಲ್ಲಿ ಕುರ್ಚಿಯ ಕೆಲಸ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದದ್ದಕ್ಕೆ ಹರಕೆ: ಆಷಾಢದ ನಾಲ್ಕೂ ಶುಕ್ರವಾರ ಚಾಮುಂಡಿ ಬೆಟ್ಟವನ್ನು ನಡೆದೇ ಹತ್ತುವುದು, ನಡೆದೇ ಇಳಿಯುವುದು. ಮೈಸೂರಿನವರಿಗೆ ಹತ್ತುವುದು ಹೊಸತಲ್ಲ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲನ್ನು ಬಾಲ್ಯದಿಂದ ಹತ್ತಿದವರೇ ಎಲ್ಲ. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಗ್ಗಿ ಬಗ್ಗಿ ಹತ್ತುವ ಹೆಂಗಸರೂ ಇದ್ದಾರೆ. ಆದರೆ ಮೇಲೆ ಹೋದ ಬಹುಪಾಲು ಮಂದಿ ವಾಪಸ್ಸು ಬರುವುದು ಬಸ್ಸಿನಲ್ಲಿ. ಇವರು ನಡೆದೇ ಇಳಿದರು. ಕೆಳಗೆ ಬಂದು ನೋಡಿದರೆ ಇನ್ನೂ ಏಳು ಗಂಟೆ. ಕಚೇರಿಗೆ ಸಮಯವಿತ್ತು. ಮೈಯಲ್ಲಿ ಹುಮ್ಮಸ್ಸಿತ್ತು. “ಹೆಂಡತಿ ಹೆಸರಲ್ಲೂ ಒಂದು ಆಗ್ಲಿ” ಎಂದು ಮತ್ತೊಮ್ಮೆ ಹತ್ತಿ ಮತ್ತೊಮ್ಮೆ ಇಳಿದರು. ಪಕ್ಕದಲ್ಲಿದ್ದ ಅವರ ಹೆಂಡತಿ ಇದನ್ನು ಕೇಳಿ ಛಾವಣಿ ನೋಡಿದರು.

ಶುಕ್ರವಾರ ಸಂಜೆ ಬರೀ ದಣಿವು. ಶನಿವಾರ ತೊಡೆ ಹಿಡಿದುಕೊಂಡಿತು. ಭಾನುವಾರ ಕಮೋಡಿನ ಮೇಲೆ ಕೂರಲು ಬಾಗಿಲ ಚಿಲಕ ಹಿಡಿಯಬೇಕಾಯಿತು. ಅದೇ ಮಧ್ಯಾಹ್ನ ಅವರು ತಮ್ಮ ಹಳೆಯ ಗರಡಿ ಗೆಳೆಯರೊಬ್ಬರನ್ನು ಕರೆಸಿ ಮಾಲೀಸು ಮಾಡಿಸಿಕೊಂಡಿದ್ದರು. ಪ್ರಾಯದಲ್ಲಿ ಇವರೂ ಗರಡಿಗೆ ಹೋದವರು, ಬಸ್ಕಿ ಹೊಡೆದವರು. ಕಸರತ್ತು ಮುಗಿದ ಮೇಲೆ ಒಬ್ಬರ ತೊಡೆಯನ್ನು ಇನ್ನೊಬ್ಬರು ಹತ್ತಿ ತುಳಿಯುವುದು ಅಲ್ಲಿ ದಿನನಿತ್ಯದ್ದು. ಗೆಳೆಯರು ಹಳೆಯ ಪ್ರೀತಿಯಿಂದಲೇ ಮೊಣಕೈ ಊರಿ ಒತ್ತಿದ್ದರು. ಪರಿಣಾಮ ಎರಡೂ ತೊಡೆಯ ಮುಂಭಾಗದಲ್ಲಿ ಕಾಣುತ್ತಿತ್ತು: ಹುಣಸೆಬೀಜದಿಂದ ಹಿಡಿದು ನಿಂಬೆಹಣ್ಣಿನಷ್ಟಗಲದವರೆಗೆ ರಕ್ತ ಕಟ್ಟಿ ನೀಲಿಗಟ್ಟಿದ ಐದಾರು ಗುರುತು.

“ನೀವೂ ಚೆನ್ನಾಗಿ ಗುದ್ದಿ ಮೇಡಂ. ನೋವಾದ್ರೂ ಪರವಾಗಿಲ್ಲ, ಒಳಗಿರೋ ಆಸಿಡ್ ಹೊರಗೆ ಬರಬೇಕು. ಶುಕ್ರವಾರಕ್ಕೆ ಕಾಲು ರೆಡಿ ಆಗ್ಬೇಕು.”

ಕೈ ಹಾಕುವ ಮೊದಲು

ಮಾಲೀಸಿಗೆ ಮೊದಲು ಕೇಳಲೇಬೇಕಾದ ಒಂದಷ್ಟು ಪ್ರಶ್ನೆಗಳಿವೆ. ಮೂತ್ರದ ಬಣ್ಣ ಹೇಗಿದೆ? ಹಾಲಿಲ್ಲದ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರೆ ಅದು ಮೈಕೈ ನೋವಲ್ಲ; ಸ್ನಾಯು ವಿಪರೀತ ಒಡೆದು ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ. ಆಗ ನನ್ನ ಮೇಜಿನ ಮೇಲೆ ಮಲಗಿಸುವಂತಿಲ್ಲ, ನೇರ ಆಸ್ಪತ್ರೆಗೆ ಕಳಿಸಬೇಕು. ಒಂದೇ ಮೀನಖಂಡ ಊದಿಕೊಂಡು ಬೆಚ್ಚಗಾಗಿದೆಯೇ? ಹಾಗಿದ್ದರೆ ಒಳ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದನ್ನು ಒತ್ತುವುದೆಂದರೆ ಅಪಾಯವನ್ನು ಮೇಲಕ್ಕೆ, ಶ್ವಾಸಕೋಶದ ಕಡೆಗೆ ತಳ್ಳಿದಂತೆ. ನಡೆಯುವಾಗ ಎಲ್ಲಾದರೂ ಒಮ್ಮೆಲೇ ಚಟಕ್ಕೆಂದು ಚುಚ್ಚಿತೇ? ಅದು ಹರಿದ ಸ್ನಾಯುವಿನ ಲಕ್ಷಣ. ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ?

ಎಲ್ಲಕ್ಕೂ ಇಲ್ಲ ಎಂಬ ಉತ್ತರ ಬಂತು. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ, ಅಷ್ಟೆ. ಎರಡೂ ಕಾಲಲ್ಲಿ ಒಂದೇ ಸಮ ನೋವು; ಮುಟ್ಟಿದರೆ, ಚಾಚಿದರೆ, ಇಳಿದರೆ ಮಾತ್ರ; ಸುಮ್ಮನೆ ಮಲಗಿದರೆ ಇಲ್ಲ. ವ್ಯಾಯಾಮದ ಮರುದಿನದಿಂದ ಏರಿ, ಒಂದರಿಂದ ಮೂರು ದಿನದೊಳಗೆ ಶಿಖರ ಮುಟ್ಟಿ, ತಾನಾಗಿ ಇಳಿಯುವ ಮಾಮೂಲಿ ತಡನೋವು. ಹತ್ತಕ್ಕೆ ಎಷ್ಟು ಎಂದರೆ ಏಳು ಎಂದರು.

ಹತ್ತಿದ್ದಕ್ಕಲ್ಲದೆ ಇಳಿದದ್ದಕ್ಕೆ ಏಕೆ ನೋವು ಎಂಬುದು ಎಲ್ಲರಿಗೂ ಬರುವ ಪ್ರಶ್ನೆ. ಏದುಸಿರು ಬಂದದ್ದು ಹತ್ತುವಾಗ ತಾನೇ? ಬಾವಿಗೆ ಕೊಡ ಇಳಿಸಿದವರಿಗೆ ಇದು ಗೊತ್ತಿರುತ್ತದೆ. ಭಾರವಾದದ್ದನ್ನು ಹಗ್ಗದಲ್ಲಿ ಮೇಲಕ್ಕೆಳೆಯುವಾಗ ತೋಳು ಸೋಲುತ್ತದೆ. ಅದನ್ನೇ ಕೆಳಗೆ ಬಿಡುವಾಗ ಹಗ್ಗ ಜಾರುತ್ತಿರುತ್ತದೆ, ಜಾರುತ್ತಿರುವ ಹಗ್ಗವನ್ನು ಹಿಡಿದೂ ಇರಬೇಕು. ಅಂಗೈ ಸುಲಿಯುವುದು ಆಗ. ಮೆಟ್ಟಿಲಿಳಿಯುವಾಗ ತೊಡೆಯ ಮುಂಭಾಗದ ಸ್ನಾಯುವಿನ ಪಾಡೂ ಇದೇ. ಮಂಡಿ ಮಡಚುತ್ತಿದ್ದಂತೆ ಅದು ಉದ್ದವಾಗುತ್ತಿರುತ್ತದೆ, ಜೊತೆಗೆ ಬಿಗಿಹಿಡಿದು ಮೈಭಾರಕ್ಕೆ ಬ್ರೇಕು ಹಾಕುತ್ತಲೂ ಇರುತ್ತದೆ. ಈ ಎಳೆದಾಟದಲ್ಲಿ ಸ್ನಾಯುವಿನ ಎಳೆಯೊಳಗಿನ ಸೂಕ್ಷ್ಮ ಜೋಡಣೆಗಳು ಅಲ್ಲಲ್ಲಿ ಕಿತ್ತುಬರುತ್ತವೆ. ದೇಹ ರಿಪೇರಿಗೆ ಇಳಿಯುತ್ತದೆ, ಉರಿಯೂತವಾಗುತ್ತದೆ, ನೀರು ತುಂಬುತ್ತದೆ, ನೋವಿನ ನರಗಳು ಸಣ್ಣ ಸ್ಪರ್ಶಕ್ಕೂ ಕೂಗತೊಡಗುತ್ತವೆ. ಇವರದು 84 ಕಿಲೋ, ಒಂದೇ ಬೆಳಿಗ್ಗೆ ಎರಡು ಸಾವಿರ ಸಲ ಬ್ರೇಕು.

‘ಆಸಿಡ್’ ವಿಚಾರ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡು ನೋವು ಬರುತ್ತದೆ, ಮಾಲೀಸು ಅದನ್ನು ಹಿಂಡಿ ತೆಗೆಯುತ್ತದೆ ಎಂಬುದನ್ನು ನಾನೂ ವಿದ್ಯಾರ್ಥಿಯಾಗಿದ್ದಾಗ ನಂಬಿದ್ದವಳೇ. ವ್ಯಾಯಾಮದಲ್ಲಿ ಹೆಚ್ಚಿದ ಲ್ಯಾಕ್ಟೇಟ್ (ಈ ಆಮ್ಲ ಮೈಯೊಳಗೆ ಇರುವ ರೂಪ) ಒಂದೆರಡು ಗಂಟೆಯೊಳಗೆ ತಾನಾಗಿಯೇ ತನ್ನ ಹಳೆಯ ಮಟ್ಟಕ್ಕೆ ಬಂದಿರುತ್ತದೆ. ಸೋಮವಾರ ಹಿಂಡಲು ಅಲ್ಲಿ ಏನೂ ಉಳಿದಿರುವುದಿಲ್ಲ. 2010ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು ಮುಷ್ಟಿ ಬಿಗಿಯುವ ವ್ಯಾಯಾಮ ಮಾಡಿಸಿ, ಕೂಡಲೇ ಮುಂಗೈಗೆ ಮಾಲೀಸು ಮಾಡಿ ಅಳೆದರು: ಕೈ ಒತ್ತಿದಷ್ಟೂ ಹೊತ್ತು ರಕ್ತದ ಹರಿವಿಗೆ ಅಡ್ಡಿಯಾಗಿ, ಆಮ್ಲ ಹೊರಹೋಗುವುದು ಇನ್ನೂ ನಿಧಾನವಾಗಿತ್ತು. ನಮ್ಮ ವೃತ್ತಿಯಲ್ಲಿ ಇದನ್ನು ಓದಿದವರು ಬಹಳ ಮಂದಿ. ರೋಗಿಗೆ ಹೇಳುವವರು ಕಡಿಮೆ. ‘ಆಸಿಡ್ ತೆಗೀತೀನಿ’ ಎಂಬ ಮಾತಿಗಿರುವ ಬೆಲೆ ‘ಒಂಚೂರು ಹಾಯೆನಿಸುತ್ತೆ’ ಎಂಬುದಕ್ಕಿಲ್ಲ.

ಹಾಗಾದರೆ ಮಾಲೀಸು ಬರೀ ನಂಬಿಕೆಯೇ? ಅಲ್ಲ. 2012ರಲ್ಲಿ, ಅದೇ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 11 ಮಂದಿ ಯುವಕರಿಗೆ ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಸು ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ತುಣುಕು ತೆಗೆದು ಪರೀಕ್ಷಿಸಿದರು. ನೀವಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳನ್ನು ಹೊಸದಾಗಿ ಕಟ್ಟಲು ಹೇಳುವ ಸಂಕೇತಗಳು ಏರಿದ್ದವು. ಲ್ಯಾಕ್ಟೇಟಿನಲ್ಲಿ ಮಾತ್ರ ಎರಡು ಕಾಲಿಗೂ ವ್ಯತ್ಯಾಸವೇ ಇರಲಿಲ್ಲ. ಹೊರಗಿನಿಂದ ಕೊಟ್ಟ ಒತ್ತಡವನ್ನು ಜೀವಕೋಶ ಹೇಗೋ ಗ್ರಹಿಸುತ್ತದೆ. ಕೈ ಏನೋ ಮಾಡುತ್ತದೆ, ನಾವು ಹೇಳಿಕೊಂಡು ಬಂದದ್ದನ್ನಲ್ಲ.

ಗುದ್ದಲು ನಾನು ಒಪ್ಪಲಿಲ್ಲ. ಗರಡಿಯವರಿಗೆ ಹೊಸ ಪ್ರಯೋಗಾಲಯದ ಮಾತು ರುಚಿಸದು ಎಂದು ಆಯುರ್ವೇದದ ವಾಗ್ಭಟನನ್ನು ಕರೆದೆ. ಅಷ್ಟಾಂಗಹೃದಯದ ದಿನಚರಿ ಅಧ್ಯಾಯದಲ್ಲಿ ವ್ಯಾಯಾಮದ ಬೆನ್ನಿಗೇ ಮರ್ದನ ಬರುತ್ತದೆ: ವ್ಯಾಯಾಮ ಮಾಡಿ, ‘ಅನುಸುಖ’ವಾಗಿ ಮೈಯನ್ನೆಲ್ಲ ಮರ್ದಿಸಬೇಕು. ಸುಖವೆನಿಸುವಷ್ಟು, ಅದಕ್ಕಿಂತ ಹೆಚ್ಚಲ್ಲ. ಅದೇ ಜಾಗದಲ್ಲಿ, ವ್ಯಾಯಾಮವನ್ನೂ ಬಲವಂತರು ತಮ್ಮ ಶಕ್ತಿಯ ಅರ್ಧದಷ್ಟೇ ಮಾಡಬೇಕು ಎಂದಿದೆ. “ಎರಡನ್ನೂ ನೀವು ಮುರಿದಿದ್ದೀರಿ,” ಅಂದೆ. ಅವರ ಮನೆಯವರು ಮೊದಲ ಬಾರಿಗೆ ನಕ್ಕರು.

ಮೊದಲ ವಾರ

ಎಳ್ಳೆಣ್ಣೆ ಬಿಸಿ ಮಾಡಿಕೊಂಡು, ಮಂಡಿಯಿಂದ ಸೊಂಟದ ಕಡೆಗೆ ಇಡೀ ಅಂಗೈಯಿಂದ ನೀಳವಾಗಿ ನೀವುವುದರಿಂದ ಶುರು. ಕೈಗೆ ಸ್ನಾಯು ಬಿಟ್ಟುಕೊಟ್ಟಿತು ಅನ್ನಿಸಿದ ಮೇಲೆ ಚಪಾತಿ ಹಿಟ್ಟು ನಾದಿದ ಹಾಗೆ ತೊಡೆಯ ಹೊರಬದಿಯನ್ನು, ಒಳಬದಿಯನ್ನು ಎತ್ತಿ ಹಿಂಡಿ ಬಿಡುವುದು. ನೀಲಿಗಟ್ಟಿದ ಜಾಗಗಳನ್ನು ಮುಟ್ಟಲಿಲ್ಲ. ತೊಡೆಯ ಒಳಗೆ ರಕ್ತ ಕಟ್ಟಿದಲ್ಲಿ ಮತ್ತೆ ಮತ್ತೆ ಒತ್ತಿದರೆ ಅಲ್ಲಿ ಮೂಳೆಯಂಥ ಗಡಸು ಬೆಳೆಯುವುದುಂಟು. ಮೀನಖಂಡಕ್ಕೆ ಐದು ನಿಮಿಷ, ಒಂದೊಂದು ತೊಡೆಗೆ ಹತ್ತು ನಿಮಿಷ. ಒತ್ತಡದ ಅಳತೆಗೆ ನನ್ನದು ಒಂದೇ ಗುಟ್ಟು: ರೋಗಿಯ ಕಾಲ್ಬೆರಳು ನೋಡುತ್ತಿರುತ್ತೇನೆ. ಬಾಯಿ “ಒತ್ತಿ, ಒತ್ತಿ” ಎಂದರೂ ಹೆಬ್ಬೆರಳು ಮುದುರಿದರೆ ಕೈ ಹಗುರ ಮಾಡಬೇಕು. ಗಂಡಸರ ಬಾಯಿಯನ್ನು ಈ ವಿಷಯದಲ್ಲಿ ನಂಬುವುದಿಲ್ಲ.

ಮೇಜಿನಿಂದ ಎದ್ದಾಗ ಏಳಿದ್ದದ್ದು ಐದಾಗಿತ್ತು. ಮಂಗಳವಾರ ಸಂಜೆ ಬಂದಾಗ ಮೆಟ್ಟಿಲನ್ನು ಮುಂದಕ್ಕೆ ಮುಖ ಮಾಡಿಯೇ ಇಳಿದರು. ಅಂದೂ ನೀವಿದೆ. ಹೊರಡುವಾಗ ಎರಡು ಎಂದರು. ಕಾರ್ಡಿನಲ್ಲಿ ಬರೆದೆ: “ನೋವು 7ರಿಂದ 2. ಚೆನ್ನಾಗಿದ್ದಾರೆ.”

ಆ ‘ಚೆನ್ನಾಗಿದ್ದಾರೆ’ ಇವತ್ತಿಗೂ ಕಾರ್ಡಿನಲ್ಲಿದೆ, ಹೊಡೆದುಹಾಕಿಲ್ಲ.

ಬುಧವಾರ ಮುಂಜಾನೆ ಅವರು ನನಗೂ ಮನೆಯಲ್ಲೂ ಹೇಳದೆ ಬೆಟ್ಟಕ್ಕೆ ಹೋದರು. ಶುಕ್ರವಾರಕ್ಕೆ ಮುನ್ನ ‘ಒಂದು ರಿಹರ್ಸಲ್’. ಹತ್ತಿದ್ದು ಸಲೀಸಾಯಿತು. ಇಳಿಯುವಾಗ ನಂದಿಯವರೆಗೂ ಏನೂ ಇಲ್ಲ. ನಂದಿ ದಾಟಿ ಇನ್ನೂ ಐವತ್ತು ಮೆಟ್ಟಿಲೂ ಇಳಿದಿರಲಿಲ್ಲ, ಬಲಮಂಡಿ ಹೇಳದೆ ಕೇಳದೆ ಮಡಚಿಕೊಂಡಿತು. ನೋವಿಲ್ಲ, ಚುಚ್ಚಲಿಲ್ಲ, ಸುಮ್ಮನೆ ಕಾಲು ಇಲ್ಲವಾಯಿತು ಎಂದರು. ಕೂತ ಹಾಗೇ ನಾಲ್ಕು ಮೆಟ್ಟಿಲು ಜಾರಿದ್ದರು. ಅಂಗೈ ಎರಡೂ ತರಚಿ, ಬಾಲಮೂಳೆಗೆ ಪೆಟ್ಟು. ಪುಣ್ಯಕ್ಕೆ ತಲೆ ತಾಗಲಿಲ್ಲ. ಹಿಂದೆ ಇಳಿಯುತ್ತಿದ್ದ ಕಾಲೇಜು ಹುಡುಗರು ಎಬ್ಬಿಸಿ ಕೂರಿಸಿ ನೀರು ಕೊಟ್ಟರಂತೆ.

ಸಂಜೆ ಕ್ಲಿನಿಕ್ಕಿನಲ್ಲಿ, ನಾನು ಸೋಮವಾರವೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಎಂಟು ಇಂಚು ಎತ್ತರದ ಮರದ ಮಣೆಯ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲ ಸೋಕುವವರೆಗೆ ನಿಧಾನವಾಗಿ ಇಳಿದು ಮತ್ತೆ ಮೇಲೇಳುವುದು. ಮಂಡಿ ಅಲುಗಾಡುವವರೆಗೆ ಎಷ್ಟು ಸಲ ಆಗುತ್ತದೋ ಅಷ್ಟು. ಬಲಗಾಲು ನಾಲ್ಕಕ್ಕೇ ನಡುಗಿತು, ಎಡಗಾಲು ಐದಕ್ಕೆ. ಬಿದ್ದ ಪೆಟ್ಟಿನ ಅಂಜಿಕೆಯೂ ಸ್ವಲ್ಪ ಸೇರಿರಬಹುದು. ಆದರೂ ಗರಡಿಯಲ್ಲಿ ಬೆಳೆದ ತೊಡೆಗೆ ಇದು ತೀರಾ ಕಡಿಮೆ.

ಎಲ್ಲಿ ತಪ್ಪಿದೆ ಎಂಬುದರಲ್ಲಿ ಗೊಂದಲವಿಲ್ಲ. ಇಳಿಯುವ ಕೆಲಸದಿಂದ ಪೆಟ್ಟು ತಿಂದ ಸ್ನಾಯುವಿನಲ್ಲಿ ನೋವು ಮತ್ತು ಬಲ ಬೇರೆ ಬೇರೆ ಗಡಿಯಾರ ಕಟ್ಟಿಕೊಂಡಿರುತ್ತವೆ. ಬಲ ಕುಸಿಯುವುದು ಅದೇ ಗಳಿಗೆಯಲ್ಲಿ, ನೋವು ಶುರುವಾಗುವ ಎಷ್ಟೋ ಮೊದಲೇ. ನೋವು ಮರುದಿನ ಬಂದು, ನಾಲ್ಕೈದು ದಿನಕ್ಕೆ ಹೋಗುತ್ತದೆ. ಬಲ ನಿಧಾನವಾಗಿ ವಾಪಸಾಗುತ್ತದೆ. ಪೆಟ್ಟು ಜೋರಾಗಿದ್ದರೆ ವಾರ ದಾಟಿಯೂ ಪೂರ್ತಿ ಬಂದಿರುವುದಿಲ್ಲ. ಎಷ್ಟು ನೋವಿದೆ ಎಂಬುದರಿಂದ ಎಷ್ಟು ಹಾನಿಯಾಗಿದೆ ಎಂದು ಹೇಳಲಾಗದು ಎಂಬುದನ್ನು 2002ರಷ್ಟು ಹಿಂದೆಯೇ ಸಂಶೋಧಕ ನೊಸಾಕ ಮತ್ತು ಸಂಗಡಿಗರು ತೋರಿಸಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ ನಾನು ಕೇಳಿದ್ದು ‘ಹತ್ತಕ್ಕೆ ಎಷ್ಟು’ ಎಂಬುದನ್ನು ಮಾತ್ರ. ನೋವಿದ್ದಾಗ ಅವರು ಗೋಡೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದರು. ಆ ನೋವು ತೆಗೆದವಳು ನಾನು. ಗೋಡೆ ಬಿಡಿಸಿದವಳೂ ನಾನೇ. “ಬಲ ಇನ್ನೂ ಬಂದಿಲ್ಲ, ಶುಕ್ರವಾರದವರೆಗೆ ಮೆಟ್ಟಿಲ ಕಡೆ ಹೋಗಬೇಡಿ” ಎಂಬ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ನಿಮ್ಮ ಕೈಗುಣ ಚೆನ್ನಾಗಿದೆ ಮೇಡಂ, ನಾನೇ ಅವಸರ ಮಾಡ್ದೆ,” ಅಂದರು.

ಎರಡನೇ ಶುಕ್ರವಾರದ ಬಗ್ಗೆ ಚೌಕಾಶಿಯೇ ನಡೆಯಿತು. ಹರಕೆ ಮುರಿಯುವಂತಿಲ್ಲ; ನಾನು ಇಳಿಯಲು ಬಿಡುವಂತಿಲ್ಲ. ಹತ್ತುವುದಕ್ಕೆ ಅಡ್ಡಿಯಿರಲಿಲ್ಲ, ಅಲ್ಲಿ ಸ್ನಾಯು ಮೊಟಕಾಗುತ್ತ ದುಡಿಯುತ್ತದೆ, ಆ ಬಗೆಯ ಹಾನಿ ಅಷ್ಟಿಲ್ಲ. ಕೊನೆಗೆ ತೀರ್ಪು ಕೊಟ್ಟವರು ಅವರ ಮನೆಯವರು: “ಹತ್ತೋದು ತಾಯಿಗೆ, ಇಳಿಯೋದು ನಿಮ್ಮ ಹಟಕ್ಕೆ. ತಾಯಿಗೆ ಎಷ್ಟು ಬೇಕೋ ಅಷ್ಟು ಮಾಡಿ.” ಹತ್ತಿದರು, ನಗರ ಸಾರಿಗೆ ಬಸ್ಸಿನಲ್ಲಿ ಇಳಿದರು. ಶನಿವಾರ ಯಾವ ನೋವೂ ಇರಲಿಲ್ಲ.

ಎಡಗಾಲು, ಬಲಗಾಲು

ಆ ನಡುವಿನ ವಾರದಲ್ಲಿ ಮಾಲೀಸು ಬೇಡವೆಂದೆ. ಬದಲಿಗೆ ಅದೇ ಮಣೆಯ ಮೇಲೆ ದಿನ ಬಿಟ್ಟು ದಿನ ಇಳಿಯುವ ಅಭ್ಯಾಸ, ಕಡಿಮೆಯಿಂದ ಶುರು ಮಾಡಿ. ಮೂರನೇ ಶುಕ್ರವಾರಕ್ಕೆ ಒಂದು ಸಲ ಹತ್ತಿ ಇಳಿಯಲು ಒಪ್ಪಿಗೆ ಕೊಟ್ಟೆ. ಗುರುವಾರ ಸಂಜೆ ಮಣೆಯ ಪರೀಕ್ಷೆಯಲ್ಲಿ ಬಲಗಾಲು 14, ಎಡಗಾಲು 13.

ಆಗ ಒಂದು ಆಲೋಚನೆ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಕದ್ದೆ ಎನ್ನುವುದೇ ಸರಿ. ಪಶ್ಚಿಮ ಆಸ್ಟ್ರೇಲಿಯಾದ ಎಡಿತ್ ಕೋವನ್ ವಿಶ್ವವಿದ್ಯಾಲಯದಲ್ಲಿ ಹತ್ತು ಮಂದಿಯ ಎರಡೂ ತೋಳಿಗೆ ಒಂದೇ ಬಗೆಯ ಕಸರತ್ತು ಮಾಡಿಸಿ, ಒಂದು ತೋಳಿಗೆ ಮಾತ್ರ ಮೂರು ಗಂಟೆಯ ನಂತರ 10 ನಿಮಿಷ ಮಾಲೀಸು ಕೊಟ್ಟಿದ್ದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲ: ನೀವಿದ ತೋಳಿನಲ್ಲಿ ನೋವು ಸುಮಾರು ಶೇ. 30 ಕಡಿಮೆ, ಊತವೂ ಕಡಿಮೆ. ಬಲದಲ್ಲಿ ಮಾತ್ರ ಎರಡು ತೋಳಿಗೂ ವ್ಯತ್ಯಾಸವಿಲ್ಲ. ಅದನ್ನೇ ಇವರ ಕಾಲಲ್ಲಿ ಮಾಡಿ ನೋಡಿದರೆ? ಬಲಗಾಲಿಗೆ ಮಾಲೀಸು, ಎಡಗಾಲು ಮುಟ್ಟುವುದಿಲ್ಲ. ನೋವೂ ಬಲವೂ ಬೇರೆ ಬೇರೆ ಎಂದು ನಾನು ಬಾಯಲ್ಲಿ ಹತ್ತು ಸಲ ಹೇಳುವ ಬದಲು ಅವರ ಸ್ವಂತ ತೊಡೆಯೇ ಹೇಳಲಿ.

“ಅಂದ್ರೆ ಎಡಗಾಲಿಗೆ ಮಲತಾಯಿ ಧೋರಣೆ,” ಅಂದರು. ಒಪ್ಪಿದರು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹತ್ತಿ, ಎಂಟೂವರೆಯೊಳಗೆ ಇಳಿದು, ಕಚೇರಿಗೆ ಮಧ್ಯಾಹ್ನದವರೆಗೆ ರಜೆ ಹಾಕಿ ಹನ್ನೊಂದೂವರೆಗೆ ಬಂದರು. ಬಲತೊಡೆಗೆ ಹದಿನೈದು ನಿಮಿಷ. ಶನಿವಾರ, ಭಾನುವಾರವೂ ಅಷ್ಟೇ. ಭಾನುವಾರ ನಾನೇ ಅವರ ಮನೆಗೆ ಹೋಗಿದ್ದೆ, ಪ್ರಯೋಗದ ಹುಚ್ಚು. ಪ್ರತಿ ಸಲ ಮಾಲೀಸಿಗೆ ಮುಂಚೆಯೇ ಅಳತೆ.

ಶನಿವಾರ ಸಂಜೆ ನೋವು ಬಲಗಾಲಿಗೆ 3, ಎಡಗಾಲಿಗೆ 4. ಮಣೆಯ ಮೇಲೆ ಬಲ 9, ಎಡ 9. ಭಾನುವಾರ ನೋವಿನ ಅಂತರ ಎದ್ದು ಕಂಡಿತು: ಬಲಕ್ಕೆ 2, ಎಡಕ್ಕೆ 5. ಆದರೆ ಮಣೆಯ ಮೇಲೆ ಬಲ 10, ಎಡ 9, ಅಂದರೆ ಎರಡೂ ಒಂದೇ. ಈ ಘಟ್ಟದಲ್ಲಿ ಅವರ ಮುಖ ನೋಡಬೇಕಿತ್ತು. ಬಲಗಾಲು ಹಗುರವಾಗಿದೆ, ಇದರಲ್ಲಿ ಇಪ್ಪತ್ತಾದರೂ ತೆಗೆಯುತ್ತೇನೆ ಎಂದು ಮಣೆ ಏರಿದವರು, ಹತ್ತಕ್ಕೆ ಮಂಡಿ ನಡುಗತೊಡಗಿದಾಗ ಬಗ್ಗಿ ತಮ್ಮ ತೊಡೆಯನ್ನೇ ಅಪರಿಚಿತರನ್ನು ನೋಡುವಂತೆ ನೋಡಿದರು. ಸೋಮವಾರ ನೋವು 1 ಮತ್ತು 2. ಬುಧವಾರ ಎರಡೂ ಸೊನ್ನೆ. ಮಣೆಯ ಮೇಲೆ 14, 14.

ಒಬ್ಬರ ಎರಡು ಕಾಲಿನಿಂದ ಸಿದ್ಧಾಂತ ಕಟ್ಟುವಂತಿಲ್ಲ. ಯಾವ ಕಾಲಿಗೆ ಮಾಲೀಸು ಎಂಬುದು ಅವರಿಗೂ ಗೊತ್ತು, ಎಣಿಸುವ ನನಗೂ ಗೊತ್ತು. ಎಣ್ಣೆ, ಬಿಸಿ, ಹದಿನೈದು ನಿಮಿಷದ ಹರಟೆ ಇವೂ ಸೇರಿ ನೋವು ತಗ್ಗಿಸಿರಬಹುದು. ಸುಳ್ಳು ಮಾಲೀಸು ಕೊಟ್ಟು ಹೋಲಿಸುವುದು ಮಾತ್ರೆಯಲ್ಲಾದಂತೆ ಇಲ್ಲಿ ಆಗದು; ಕೈ ಮುಟ್ಟಿತೋ ಇಲ್ಲವೋ ಚರ್ಮಕ್ಕೆ ತಿಳಿದುಹೋಗುತ್ತದೆ. ಆದರೂ ಇವರ ಕಾಲು ಹೇಳಿದ್ದು ದೊಡ್ಡ ಲೆಕ್ಕಕ್ಕೆ ದೂರವಿಲ್ಲ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು 29 ಅಧ್ಯಯನಗಳ 1,012 ಮಂದಿಯ ಮಾಹಿತಿ ಒಟ್ಟುಗೂಡಿಸಿದಾಗ, ಬಲ, ಜಿಗಿತ, ಓಟ, ತಾಳಿಕೆ ಯಾವುದರಲ್ಲೂ ಮಾಲೀಸಿನಿಂದ ಸುಧಾರಣೆ ಕಾಣಲಿಲ್ಲ. ಮೈ ಬಗ್ಗುವುದರಲ್ಲಿ ಮತ್ತು ತಡನೋವಿನಲ್ಲಿ ಸಣ್ಣ ಲಾಭ ಕಂಡಿತು. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ತಂಡವೊಂದು ತಣ್ಣೀರ ಸ್ನಾನ, ಬಿಗಿ ಉಡುಪು ಮುಂತಾದ ಉಪಾಯಗಳನ್ನೆಲ್ಲ 99 ಅಧ್ಯಯನಗಳಿಂದ ಹೋಲಿಸಿದಾಗ ತಡನೋವು, ದಣಿವು ಎರಡಕ್ಕೂ ಮಾಲೀಸೇ ಮುಂದಿತ್ತು. ಎರಡನ್ನೂ ಒಟ್ಟಿಗಿಟ್ಟು ಓದಬೇಕು. ನೋವಿಗೆ ಇದಕ್ಕಿಂತ ಒಳ್ಳೆಯದು ಹೆಚ್ಚಿಲ್ಲ. ಬಲಕ್ಕೆ ಇದು ಉಪಯೋಗಕ್ಕಿಲ್ಲ. ನಮ್ಮಲ್ಲಿ ಜಾಹೀರಾತು ಬರೆಯುವವರು ಎರಡನೆಯ ವಾಕ್ಯ ತಲುಪುವ ಮೊದಲೇ ಬೋರ್ಡು ಮುಗಿದಿರುತ್ತದೆ.

ಮೂರನೇ ವಾರದ ಅಂಕಿಗಳಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ಮುಟ್ಟದೆ ಬಿಟ್ಟ ಎಡಗಾಲಿನ ಅತಿಹೆಚ್ಚು ನೋವು 5. ಮೊದಲ ವಾರ ಗರಡಿ ಗೆಳೆಯರು ಒತ್ತಿದ ಮೇಲೆ, ನಾನು ಒತ್ತುವ ಮೊದಲು ಇದೇ ಕಾಲಿನಲ್ಲಿ 7. ಇಳಿದದ್ದು ಅರ್ಧವೇ ಎಂಬುದು ಒಂದು ಕಾರಣ. ಇನ್ನೊಂದು, ಸ್ನಾಯುವಿಗೆ ನೆನಪಿದೆ. ಒಮ್ಮೆ ಇಳಿಯುವ ಪೆಟ್ಟು ತಿಂದು ರಿಪೇರಿಯಾದ ಸ್ನಾಯು ಮುಂದಿನ ಸಲ ಅದೇ ಪೆಟ್ಟಿಗೆ ಅಷ್ಟು ಹಾನಿಗೊಳ್ಳುವುದಿಲ್ಲ. ಈ ರಕ್ಷಣೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಸದಾಗಿ ಜಿಮ್ ಸೇರಿದವರಿಗೆ ಮೊದಲ ವಾರ ಜೀವ ಹೋದಂತಾಗಿ ಮೂರನೇ ವಾರ ಏನೂ ಆಗದಿರುವುದು ಇದರಿಂದ. ಮಾಲೀಸಿನವರ ಕೀರ್ತಿಯ ಒಂದು ಪಾಲೂ ಇಲ್ಲಿಂದಲೇ ಬಂದದ್ದು ಎಂಬುದು ನನ್ನ ಗುಮಾನಿ. ಮೊದಲ ಸಲ ನೋವು ತಾಳದೆ ಬರುತ್ತಾರೆ, ಎರಡನೇ ಸಲ ನೋವು ಕಡಿಮೆ, ಮೂರನೇ ಸಲ ಇಲ್ಲವೇ ಇಲ್ಲ. ಕೈಗುಣ ಎನ್ನುತ್ತಾರೆ. ಇವರೂ ಕಚೇರಿಯಲ್ಲಿ ಹಾಗೇ ಹೇಳಿಕೊಂಡು ಬಂದು, ಆ ತಿಂಗಳು ನನಗೆ ಇಬ್ಬರು ಹೊಸ ರೋಗಿಗಳನ್ನು ಕಳಿಸಿದರು. ನಾನು ನಿರಾಕರಿಸಲಿಲ್ಲ, ಬಾಡಿಗೆ ಕಟ್ಟಬೇಕಲ್ಲ.

ದೊಡ್ಡ ಓಟಗಾರರ ವಿಷಯ ಬೇರೆಯಿರಬಹುದೇ ಎಂದು ಅವರು ಕೇಳಿದ್ದರು. ಟಿವಿಯಲ್ಲಿ ಕ್ರಿಕೆಟಿಗರಿಗೂ ಓಟಗಾರರಿಗೂ ಯಾರಾದರೂ ಒತ್ತುತ್ತಲೇ ಇರುತ್ತಾರಲ್ಲ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೆಸ್ಟರ್ನ್ ಸ್ಟೇಟ್ಸ್ ಎಂಬ 161 ಕಿಲೋಮೀಟರ್ ಬೆಟ್ಟದ ಓಟವಿದೆ, ಒಟ್ಟಾರೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು. ಅಲ್ಲಿ ಓಡಿದವರಲ್ಲಿ ಕೆಲವರಿಗೆ ಓಟ ಮುಗಿದ ಮೇಲೆ ಮಾಲೀಸು, ಕೆಲವರಿಗೆ ಗಾಳಿ ತುಂಬಿ ಕಾಲು ಒತ್ತುವ ಚೀಲ, ಉಳಿದವರಿಗೆ ಏನೂ ಇಲ್ಲದೆ ಹೋಲಿಸಿ ನೋಡಿದ್ದಾರೆ. ಮಾಲೀಸಾದ ಕೂಡಲೇ ಹಾಯೆನಿಸಿತು. ಮುಂದಿನ ದಿನಗಳಲ್ಲಿ ಮತ್ತೆ ಓಡಿಸಿ ಅಳೆದಾಗ ಚೇತರಿಕೆಯಲ್ಲಿ ಲಾಭ ಕಾಣಲಿಲ್ಲ. ಹಾಯೆನಿಸುವುದೇ ಬೇಕು, ನಾಳೆ ಮತ್ತೆ ಆಡಲು ಮನಸ್ಸು ಬರಬೇಕು ಎಂದರೆ ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನಿದೆ? ಆದರೆ ಅಂಥ ಆಟಗಾರರ ಪಕ್ಕದಲ್ಲಿ ಬಲ ಅಳೆಯುವವರೂ ಇರುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ಮೊದಲ ವಾರ ಇಲ್ಲದಿದ್ದದ್ದು ಅದು.

ಈಗ ನಮ್ಮಲ್ಲಿ ಕಾರ್ಡಿನ ಮೇಲೆ ನೋವಿನ ಕಂಬದ ಪಕ್ಕ ಮಣೆಯ ಕಂಬ ಎಳೆದಿದ್ದೇನೆ. ಎರಡೂ ತುಂಬದೆ ‘ಚೆನ್ನಾಗಿದ್ದಾರೆ’ ಎಂದು ಬರೆಯುವುದಿಲ್ಲ. ತೊಡೆ ಹಿಡಿದುಕೊಂಡು ಬಂದವರಿಗೆ ಎಣ್ಣೆ ಕೈಗೆ ಹಚ್ಚಿಕೊಳ್ಳುವ ಮೊದಲೇ ಹೇಳುತ್ತೇನೆ: ಇದರಿಂದ ನಾಳೆ ನಿಮಗೆ ಕಾಲು ಸರಿಹೋಯಿತು ಅನ್ನಿಸುತ್ತದೆ, ಸರಿಹೋಗಿರುವುದಿಲ್ಲ.

ನಾಲ್ಕನೇ ಶುಕ್ರವಾರ

ಕೊನೆಯ ಶುಕ್ರವಾರ ಹತ್ತಿದರು, ಇಳಿದರು, ಒಂದೇ ಸಲ. ಅವರ ಮನೆಯವರೂ ಜೊತೆಗೆ ಹೋಗಿ, ಹತ್ತಿ, ಬಸ್ಸಿನಲ್ಲಿ ಬಂದು ಕೆಳಗೆ ಕಾದಿದ್ದರಂತೆ. ಶನಿವಾರ ಸಂಜೆ ಇಬ್ಬರೂ ಪ್ರಸಾದ ತಂದರು. ನೋವು ಎರಡೂ ಕಾಲಿಗೆ ಒಂದು. ಮಣೆಯ ಮೇಲೆ 13, 13. ಭಾನುವಾರಕ್ಕೂ ಏರಲಾರದು ಎಂಬುದು ನನ್ನ ಅಂದಾಜು, ಹಾಗೆಂದೆ. ಮಾಲೀಸಿನ ಅಗತ್ಯವೇ ಇಲ್ಲ ಎಂದೂ ಹೇಳಿದೆ.

“ಅಗತ್ಯ ಇಲ್ಲ ಅಂತ ನಂಗೂ ಗೊತ್ತು ಮೇಡಂ. ಆದ್ರೂ ಒಂಚೂರು ನೀವಿ,” ಎಂದು ಚಪ್ಪಲಿ ಬಿಟ್ಟು ಮೇಜಿನ ಮೇಲೆ ಮಲಗಿದರು.

ಎಣ್ಣೆ ಬಿಸಿಗಿಟ್ಟೆ. ಅಭ್ಯಾಸಬಲದಿಂದ ಕೈ ಬಲತೊಡೆಗೆ ಹೋಯಿತು. ಅವರು ತಲೆಯೆತ್ತಿ ನೋಡಿ, “ಎಡಗಾಲಿಂದ ಶುರು ಮಾಡಿ,” ಅಂದರು. “ಅದಕ್ಕೆ ಮೂರು ದಿನದ ಬಾಕಿ ಇದೆ.”